ಗುಹೆಗೆ ಇಳಿಯದ ಅಕ್ಕನನ್ನು ಕ್ಲಬ್ಬಿನ ಪ್ರವಾಸಕ್ಕೆ ಕರೆದೊಯ್ಯಬಹುದೇ?

ಪ್ರಶ್ನೆ:
ನಮ್ಮ ಗುಹಾನ್ವೇಷಣೆ ಕ್ಲಬ್ಬಿನ ವಾರಾಂತ್ಯದ ಪ್ರವಾಸಕ್ಕೆ ಅಕ್ಕನೂ ಬರುತ್ತೇನೆ ಎನ್ನುತ್ತಿದ್ದಾಳೆ. ಇಕ್ಕಟ್ಟಾದ ಜಾಗದಲ್ಲಿ ಅವಳಿಗೆ ಉಸಿರು ಕಟ್ಟುತ್ತದೆ, ಒಳಗೆ ಇಳಿಯುವುದಿಲ್ಲ. ಕಳೆದ ಬಾರಿ ನಾನು ಮನೆಗೆ ಬಂದಾಗ ಹೆಲ್ಮೆಟ್ಟಿನ ಪಟ್ಟಿಯ ಹೊಲಿಗೆಯೊಳಗೂ ಜೇಡಿಮಣ್ಣು ಸೇರಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ಉಜ್ಜಿ ತೆಗೆದವಳು ಅವಳೇ. ಆಗಲೇ ಆಸೆ ಹುಟ್ಟಿದ್ದು. ಅಲ್ಲಿ ಅವಳಿಗೆ ಬೇಸರವಾಗದೇ?

ಉತ್ತರ 1:
ಖಂಡಿತ ಕರೆತನ್ನಿ. ಹೊರಗೆ ಉಳಿಯುವವರ ಮೇಲೆ ನಮ್ಮ ಜೀವವೇ ನಿಂತಿರುತ್ತದೆ. ಯಾರು ಒಳಗೆ ಹೋದರು, ಯಾವ ದಾರಿ ಹಿಡಿದರು, ಎಷ್ಟು ಗಂಟೆಗೆ ಮರಳಬೇಕು ಎಂದು ಬರೆದಿಟ್ಟುಕೊಂಡು, ಹೊತ್ತು ಮೀರಿದರೆ ರಕ್ಷಣಾ ತಂಡವನ್ನು ಕರೆಯುವವರು ಅವರೇ. ಒಳಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ನೆನಪಿರಲಿ.

ಉತ್ತರ 2:
ಹಗ್ಗ ಏರುವ ಅಭ್ಯಾಸವನ್ನು ಗಟ್ಟಿ ಮರದ ಕೊಂಬೆಯಲ್ಲೇ ಮಾಡಬಹುದು, ಅವರನ್ನೂ ಸೇರಿಸಿಕೊಳ್ಳಿ. ತೊಳೆಯುವ ಕೆಲಸವೂ ಸಣ್ಣದಲ್ಲ. ಬಾವಲಿಗಳನ್ನು ಕೊಲ್ಲುವ ಬಿಳಿಮೂಗು ರೋಗದ ಶಿಲೀಂಧ್ರ ಬಟ್ಟೆ, ಬೂಟುಗಳಿಗೆ ಅಂಟಿಕೊಂಡು ಇನ್ನೊಂದು ಗುಹೆಗೆ ದಾಟಬಲ್ಲದು. ಮಣ್ಣು ಉಜ್ಜಿದ ಮೇಲೆ 55 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 20 ನಿಮಿಷ ಮುಳುಗಿಸಿಡಬೇಕು.

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದ. ಗಡಿಯಾರ, ಹೆಸರಿನ ಪಟ್ಟಿ ಎರಡೂ ಅಕ್ಕನ ಕೈಗೆ. ನಾನು ಐದು ನಿಮಿಷ ತಡವಾದರೂ ಬಾಗಿಲಲ್ಲಿ ನಿಲ್ಲುವವಳು ಅವಳು.