ಎಲೆ ಮುಂದೆ ಬಂದ ಬೆಂಗಾಜಿ: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ನ್ಯೂಜೆರ್ಸಿಯ ಓದುಗರೊಬ್ಬರು ಬರೆದಿದ್ದರು. ಗಂಡ ಡೆಮಾಕ್ರಟಿಕ್ ಪಕ್ಷದ ಕಡೆ. ಟೆಕ್ಸಸ್‌ನಲ್ಲಿರುವ ಮೈದುನ ರಿಪಬ್ಲಿಕನ್ ಕಡೆ. ಡೆಮಾಕ್ರಟಿಕ್ ಪಕ್ಷದ ಒಬಾಮ ಅಧ್ಯಕ್ಷರಾಗಿದ್ದ 2012ರಲ್ಲಿ ಲಿಬಿಯಾದ ಬೆಂಗಾಜಿಯಲ್ಲಿ ದಾಳಿ ನಡೆದು ಅಮೆರಿಕದ ರಾಯಭಾರಿ ಸೇರಿ ನಾಲ್ವರು ಸತ್ತರಲ್ಲ, ಅಣ್ಣ ತಮ್ಮಂದಿರ ನಡುವೆ ಆಗ ಶುರುವಾದ ವಾದ ಇನ್ನೂ ಮುಗಿದಿಲ್ಲ. ಈ ವರ್ಷ ಅತ್ತೆಯ ತಿಥಿಯ ದಿನವೂ ಕೂಗಾಟ ಆಗಿ, ಮೈದುನ ಊಟದ ನಡುವೆ ಎದ್ದು ಹೋದರು. ಈಗ ಹೈಸ್ಕೂಲಿನಲ್ಲಿರುವ ಮಗ ಇದೇ ದಾಳಿಯ ಬಗ್ಗೆ "ಹೊಣೆ ಯಾರದು?" ಅಂತ ಪ್ರಬಂಧ ಬರೆಯಬೇಕಂತೆ. ಅಪ್ಪ ಒಂದು ಹೇಳಿದರೆ ಚಿಕ್ಕಪ್ಪ ಫೋನಿನಲ್ಲಿ ಇನ್ನೊಂದು ಹೇಳುತ್ತಾರೆ. ಹುಡುಗನಿಗೆ ಏನು ಹೇಳಲಿ, ಇವರಿಬ್ಬರನ್ನು ಮತ್ತೆ ಒಂದೇ ಪಂಕ್ತಿಯಲ್ಲಿ ಹೇಗೆ ಕೂರಿಸಲಿ ಅನ್ನುವುದು ಅವರ ಪ್ರಶ್ನೆ.

ವರ್ಜೀನಿಯಾದಿಂದ ಒಬ್ಬ ಓದುಗರು

ತಂಗಿ, ನಿಮ್ಮ ಪತ್ರ ಓದುವಾಗ ನಮ್ಮ ಮನೆಯೇ ಕಣ್ಣ ಮುಂದೆ ಬಂತು. ನಮ್ಮಲ್ಲಿ ಈ ಜಗಳ ನನಗೂ ನನ್ನ ಭಾವಮೈದುನನಿಗೂ. ಅವನ ಬಾಯಿ ಮುಚ್ಚಿಸಬೇಕು ಅಂತಲೇ ನಾನು ತನಿಖಾ ವರದಿಗಳನ್ನು ಓದಲು ಕೂತೆ. ಓದುತ್ತಾ ಹೋದ ಹಾಗೆ ಆ ಹಟ ಇಳಿಯಿತು.

ಜಗಳ ಯಾಕೆ ಮುಗಿಯುವುದಿಲ್ಲ ಗೊತ್ತಾ? ಇಬ್ಬರೂ ಮಾತಾಡುವುದು ಬೇರೆ ಬೇರೆ ದಿನದ ಬಗ್ಗೆ. ಒಬ್ಬರು ದಾಳಿಯ ಮುಂಚಿನದ್ದು ಹೇಳಿದರೆ ಇನ್ನೊಬ್ಬರು ಆಮೇಲಿನದ್ದು ಎತ್ತುತ್ತಾರೆ.

ನನ್ನ ಮಟ್ಟಿಗೆ ಮುಂಚಿನದ್ದೇ ದೊಡ್ಡದು. 2012ರ ಜೂನ್‌ನಲ್ಲಿ ಬೆಂಗಾಜಿಯಲ್ಲಿದ್ದ ಅಮೆರಿಕದ ರಾಜತಾಂತ್ರಿಕ ಕಚೇರಿಯ ಕಾಂಪೌಂಡ್ ಗೋಡೆಗೆ ಬಾಂಬ್ ಇಟ್ಟು ತೂತು ಮಾಡಿದ್ದರು. ಅದೇ ತಿಂಗಳು ಬ್ರಿಟನ್ ರಾಯಭಾರಿಯ ವಾಹನಗಳ ಮೇಲೆ ದಾಳಿ ಆಯಿತು. ಬ್ರಿಟನ್‌ನವರು ಬೆಂಗಾಜಿ ಬಿಟ್ಟು ಹೊರಟರು. ಅಮೆರಿಕದವರು ಉಳಿದರು. ಲಿಬಿಯಾದಲ್ಲಿದ್ದ ಭದ್ರತಾ ಅಧಿಕಾರಿಗಳು ಜಾಸ್ತಿ ಜನ ಬೇಕು ಅಂತ ವಾಷಿಂಗ್ಟನ್‌ಗೆ ಬರೆದರು. ಸಿಗಲಿಲ್ಲ. ರಾಜಧಾನಿ ಟ್ರಿಪೋಲಿಯಲ್ಲಿದ್ದ ಅಮೆರಿಕದ 16 ಜನರ ಸೇನಾ ತಂಡದ ಅವಧಿಯೂ ಆಗಸ್ಟ್‌ನಲ್ಲಿ ಮುಗಿಯಿತು. ಸೆಪ್ಟೆಂಬರ್ 11ರ ರಾತ್ರಿ ಸುಮಾರು 9.40ಕ್ಕೆ ದಾಳಿಕೋರರು ಗೇಟಿನಿಂದ ಒಳಗೆ ನುಗ್ಗಿದರು. ಡೀಸೆಲ್ ಸುರಿದು ಬೆಂಕಿ ಇಟ್ಟರು. ರಾಯಭಾರಿ ಕ್ರಿಸ್ ಸ್ಟೀವನ್ಸ್ ಮತ್ತು ಮಾಹಿತಿ ನಿರ್ವಹಣಾ ಅಧಿಕಾರಿ ಶಾನ್ ಸ್ಮಿತ್ ಸತ್ತದ್ದು ಗುಂಡಿನಿಂದಲ್ಲ, ಹೊಗೆಯಿಂದ. ಬೆಳಗಿನ ಜಾವ, ಸುಮಾರು ಒಂದು ಮೈಲಿ ಆಚೆಗಿದ್ದ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ನೆಲೆಯ ಮೇಲೆ ಮಾರ್ಟರ್ ಬಿದ್ದು ಭದ್ರತಾ ಸಿಬ್ಬಂದಿ ಟೈರೋನ್ ವುಡ್ಸ್ ಮತ್ತು ಗ್ಲೆನ್ ಡೊಹರ್ಟಿ ತೀರಿಕೊಂಡರು.

ಅದೇ ಡಿಸೆಂಬರ್‌ನಲ್ಲಿ ವಿದೇಶಾಂಗ ಇಲಾಖೆ ನೇಮಿಸಿದ್ದ ಪರಿಶೀಲನಾ ಮಂಡಳಿಯ ವರದಿ ಬಂತು. ಅದರ ಮುಖ್ಯಸ್ಥರು ಥಾಮಸ್ ಪಿಕರಿಂಗ್, ಹಿಂದೆ ದೆಹಲಿಯಲ್ಲೂ ಅಮೆರಿಕದ ರಾಯಭಾರಿಯಾಗಿದ್ದವರು. ಬೆಂಗಾಜಿಯ ಭದ್ರತೆ ಏನೇನೂ ಸಾಲದಾಗಿತ್ತು ಅಂತ ಆ ವರದಿ ನೇರವಾಗಿ ಹೇಳಿತು. ನಾಲ್ವರು ಅಧಿಕಾರಿಗಳನ್ನು ರಜೆಯ ಮೇಲೆ ಕಳಿಸಿದರು. 2013ರ ಆಗಸ್ಟ್‌ನಲ್ಲಿ, ಬೇರೆ ಹುದ್ದೆಗೆ ವಾಪಸ್ ಬರಬಹುದು ಅಂದರು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ನಿಮ್ಮ ಯಜಮಾನರು ಇಲ್ಲಿ "ಭದ್ರತೆಗೆ ಕೇಳಿದ ಹಣವನ್ನು ರಿಪಬ್ಲಿಕನ್ನರೇ ಕಡಿಮೆ ಮಾಡಿದ್ದರು" ಅನ್ನಬಹುದು. ಕಡಿಮೆ ಮಾಡಿದ್ದು ನಿಜ. ಆದರೆ ಭದ್ರತೆಯ ತೀರ್ಮಾನಗಳಿಗೆ ಹಣ ಕಾರಣವಲ್ಲ ಅಂತ ವಿದೇಶಾಂಗ ಇಲಾಖೆಯ ಅಧಿಕಾರಿಯೇ 2012ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಮುಂದೆ ಹೇಳಿದ್ದಾರೆ. ನಿಮ್ಮ ಮೈದುನರು "ಸಹಾಯಕ್ಕೆ ಹೊರಟವರನ್ನು ತಡೆದರು" ಅನ್ನಬಹುದು. ಅಂಥ ಆದೇಶ ಇರಲಿಲ್ಲ ಅಂತ 2014ರ ನವೆಂಬರ್‌ನಲ್ಲಿ ಹೇಳಿದ್ದು ರಿಪಬ್ಲಿಕನ್ನರೇ ಬಹುಮತದಲ್ಲಿದ್ದ ಸಂಸತ್ತಿನ ಕೆಳಮನೆಯ ಗುಪ್ತಚರ ಸಮಿತಿ.

ಇನ್ನು ಆಮೇಲಿನ ಕಥೆ. ಸೆಪ್ಟೆಂಬರ್ 16ರಂದು ವಿಶ್ವಸಂಸ್ಥೆಯಲ್ಲಿ ಆಗ ಅಮೆರಿಕದ ರಾಯಭಾರಿಯಾಗಿದ್ದ ಸುಸಾನ್ ರೈಸ್ ಐದು ಟಿವಿ ಕಾರ್ಯಕ್ರಮಗಳಲ್ಲಿ ಕೂತು, ಇಸ್ಲಾಂ ವಿರೋಧಿ ವಿಡಿಯೋ ವಿರುದ್ಧದ ಪ್ರತಿಭಟನೆಯಿಂದ ಇದು ಶುರುವಾಯಿತು ಅನ್ನುವ ಹಾಗೆ ಮಾತಾಡಿದರು. ಬೆಂಗಾಜಿಯಲ್ಲಿ ದಾಳಿಗೆ ಮುಂಚೆ ಅಂಥ ಪ್ರತಿಭಟನೆಯೇ ನಡೆದಿರಲಿಲ್ಲ. ಆಗ ವಿದೇಶಾಂಗ ಸಚಿವೆಯಾಗಿದ್ದ ಹಿಲರಿ ಕ್ಲಿಂಟನ್ ದಾಳಿಯ ರಾತ್ರಿಯೇ ಮಗಳಿಗೆ ಕಳಿಸಿದ ಇಮೇಲ್‌ನಲ್ಲಿ, ಇದು ಅಲ್ ಖೈದಾದಂಥ ಗುಂಪಿನ ಕೆಲಸ ಅಂತ ಬರೆದಿದ್ದರು. ಇಲ್ಲಿ ನಿಮ್ಮ ಮೈದುನರ ಸಿಟ್ಟಿಗೆ ಕಾರಣ ಇದೆ. ಆದರೆ ಅವರ ಪಕ್ಷ ಮಾಡಿದ್ದೇನು? 2014ರಲ್ಲಿ ಮತ್ತೊಂದು ವಿಶೇಷ ಸಮಿತಿ. ಎರಡು ವರ್ಷ, 70 ಲಕ್ಷ ಡಾಲರ್‌ಗೂ ಮೇಲೆ ಖರ್ಚು. 2015ರ ಅಕ್ಟೋಬರ್‌ನಲ್ಲಿ ಅಷ್ಟು ಹೊತ್ತಿಗೆ ಅಧ್ಯಕ್ಷ ಚುನಾವಣೆಯ ಕಣದಲ್ಲಿದ್ದ ಹಿಲರಿಯವರನ್ನು ವಿಚಾರಣೆಗೆ 11 ಗಂಟೆ ಕೂರಿಸಿದರು. ಅದಕ್ಕೆ ಕೆಲವೇ ವಾರ ಮುಂಚೆ ರಿಪಬ್ಲಿಕನ್ ನಾಯಕ ಕೆವಿನ್ ಮೆಕಾರ್ಥಿ ಟಿವಿಯಲ್ಲಿ, ಸಮಿತಿ ಮಾಡಿದ್ದರಿಂದಲೇ ಹಿಲರಿಯ ಜನಪ್ರಿಯತೆ ಇಳಿಯಿತು ಅನ್ನುವ ಅರ್ಥ ಬರುವಂತೆ ಹೇಳಿಬಿಟ್ಟರು. ನಾಲ್ಕು ಹೆಣಗಳನ್ನು ಚುನಾವಣೆಯ ಲೆಕ್ಕಕ್ಕೆ ಹಿಡಿದರಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಗನಿಗೆ ಹೇಳಿ: ಸತ್ತ ನಾಲ್ವರ ಹೆಸರು ಮೊದಲ ಪ್ಯಾರಾದಲ್ಲೇ ಬರಲಿ. ಕಾವಲು ಕೇಳಿದವರು ಯಾರು, ಬೇಡ ಅಂದವರು ಯಾರು, ಬೇಡ ಅಂದವರಿಗೆ ಆಮೇಲೆ ಏನಾಯಿತು ಅನ್ನುವುದನ್ನು ಹುಡುಕಿ ಬರೆಯಲಿ. ಉತ್ತರ ಅಪ್ಪನಿಗೆ ಹಿಡಿಸದಿರಬಹುದು, ಚಿಕ್ಕಪ್ಪನಿಗೂ ಹಿಡಿಸದಿರಬಹುದು. ಆದರೂ ಬರೆಯಲಿ.

ಮಂಗಳೂರಿನ ಹತ್ತಿರದಿಂದ ಒಬ್ಬ ನರ್ಸ್

ಬೆಂಗಾಜಿ ಅನ್ನುವ ಹೆಸರು ಓದಿದ ಕೂಡಲೇ ಬರೆಯಬೇಕು ಅನ್ನಿಸಿತು. ನಾನು ಅಲ್ಲಿ ಕೆಲಸ ಮಾಡಿದವಳು. 2011ರಲ್ಲಿ ಲಿಬಿಯಾವನ್ನು ಆಳುತ್ತಿದ್ದ ಗದ್ದಾಫಿ ವಿರುದ್ಧ ದಂಗೆ ಎದ್ದಾಗ ಭಾರತ ಸರ್ಕಾರ ಕಳಿಸಿದ ಸ್ಕೋಶಿಯಾ ಪ್ರಿನ್ಸ್ ಹಡಗಿನಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾಗೆ ಬಂದು ಊರು ಸೇರಿದೆವು. ಪಾಸ್‌ಪೋರ್ಟ್ ನೆನೆಯದಿರಲಿ ಅಂತ ಬ್ರೆಡ್ಡಿನ ಪ್ಲಾಸ್ಟಿಕ್ ಕವರಿಗೆ ಹಾಕಿ, ಸೊಂಟಕ್ಕೆ ದುಪಟ್ಟಾದಲ್ಲಿ ಬಿಗಿದು ಕಟ್ಟಿಕೊಂಡಿದ್ದೆ. ಆ ಕವರು ಈಗಲೂ ನನ್ನ ಕಪಾಟಿನಲ್ಲಿದೆ.

ನಾವು ಹಡಗು ಹತ್ತಿ ಹೊರಟು ಸುಮಾರು ಒಂದು ತಿಂಗಳಾದ ಮೇಲೆ ಸ್ಟೀವನ್ಸ್ ಸರಕು ಹಡಗೊಂದರಲ್ಲಿ ಅದೇ ಊರಿಗೆ ಬಂದಿಳಿದರು. ನಾವು ಜೀವ ಉಳಿಸಿಕೊಂಡು ಬಿಟ್ಟುಬಂದ ಜಾಗಕ್ಕೆ ಅವರು ತಾವಾಗಿ ಬಂದರು. ಅರಬ್ಬಿ ಬಲ್ಲವರು. ದಾಳಿಯ ರಾತ್ರಿ ಹೊಗೆ ತುಂಬಿದ ಕೋಣೆಯಿಂದ ಅವರನ್ನು ಹೊರಗೆ ಎಳೆದು ಆಸ್ಪತ್ರೆಗೆ ತಂದದ್ದು ಲಿಬಿಯಾದ ಜನ. ಉಸಿರು ಬರಿಸಲು ಕಷ್ಟಪಟ್ಟ ಡಾಕ್ಟರು ಲಿಬಿಯಾದವರು. ಹತ್ತು ದಿನ ಕಳೆದು, ಸೆಪ್ಟೆಂಬರ್ 21ರಂದು, ಆ ಊರಿನ ಸಾವಿರಾರು ಜನ ಬೀದಿಗಿಳಿದು ಬಂದೂಕಿನ ಗುಂಪುಗಳನ್ನು ಅವರ ನೆಲೆಯಿಂದಲೇ ಓಡಿಸಿದರು.

ಅಣ್ಣ ತಮ್ಮಂದಿರ ಜಗಳದಲ್ಲಿ ಈ ಜನ ಎಲ್ಲಿದ್ದಾರೆ? ನಾನು ಟಿವಿಯಲ್ಲಿ ನೋಡಿದ ವಾದಗಳಲ್ಲೂ ಇವರು ಕಾಣಲಿಲ್ಲ. ಅಮೆರಿಕದ ಯಾವ ಪಕ್ಷ ಸರಿ ಅಂತ ಹೇಳುವಷ್ಟು ನನಗೆ ಗೊತ್ತಿಲ್ಲ. ನಿಮ್ಮ ಮಗ ಆ ರಾತ್ರಿ ಆಸ್ಪತ್ರೆಗೆ ಓಡಿದವರ ಬಗ್ಗೆ ನಾಲ್ಕು ಸಾಲು ಬರೆದರೆ ನನಗೆ ತುಂಬಾ ಸಂತೋಷವಾಗುತ್ತದೆ.

ಮೈಸೂರಿನಿಂದ ನಿವೃತ್ತ ಇತಿಹಾಸ ಶಿಕ್ಷಕಿ

ತಿಥಿಯ ಊಟದಲ್ಲಿ ಅರ್ಧಕ್ಕೆ ಎದ್ದು ಹೋದರು ಅನ್ನುವುದನ್ನು ಓದಿ ಮನಸ್ಸಿಗೆ ಬಹಳ ಕಷ್ಟವಾಯಿತಮ್ಮ. ಬಡಿಸಿದ ಪಾಯಸ ಎಲೆಯ ಮೇಲೆ ಹಾಗೇ ಹರಿದು ಹೋಗಿರುತ್ತದೆ, ಅದನ್ನು ಬಳಿದವರು ನೀವೇ ಇರುತ್ತೀರಿ, ಅಲ್ವಾ?

ಒಂದು ಹಳೆಯ ಸಂಗತಿ ಹೇಳುತ್ತೇನೆ. 1983ರ ಅಕ್ಟೋಬರ್ 23ರಂದು ಲೆಬನಾನಿನ ಬೇರೂತ್‌ನಲ್ಲಿ ಸ್ಫೋಟಕ ತುಂಬಿದ ಲಾರಿ ಅಮೆರಿಕದ ಸೈನಿಕರ ಬ್ಯಾರಕ್‌ಗೆ ನುಗ್ಗಿತು. 241 ಸೈನಿಕರು ಸತ್ತರು. ಆಗ ಅಧ್ಯಕ್ಷರಾಗಿದ್ದವರು ರಿಪಬ್ಲಿಕನ್ ಪಕ್ಷದ ರೇಗನ್. ತನಿಖೆಯ ವರದಿ ಬಂದ ಮೇಲೆ, ತಪ್ಪು ಹೊರುವುದಿದ್ದರೆ ನಾನು ಹೊರುತ್ತೇನೆ, ಅಲ್ಲಿನ ಕಮಾಂಡರ್‌ಗಳಿಗೆ ಶಿಕ್ಷೆ ಬೇಡ ಅಂದರು. 2012ರಲ್ಲಿ ಹಿಲರಿಯವರೂ ಹೊಣೆ ನನ್ನದು ಅಂದರು. ಇಬ್ಬರೂ ಹಾಗೆ ಅಂದದ್ದು ಒಳ್ಳೆಯದೇ. ಆದರೆ ಹೊಣೆ ಹೊತ್ತ ಮೇಲೆ ಏನಾಯಿತು? ನಿಮ್ಮ ಮೈದುನರಿಗೆ ಬೇರೂತ್ ಬಗ್ಗೆ ಕೇಳಿ. ನಿಮ್ಮ ಯಜಮಾನರಿಗೆ ಬೆಂಗಾಜಿ ಬಗ್ಗೆ ಕೇಳಿ. ತಮ್ಮ ತಮ್ಮ ಪಕ್ಷದವರ ಬಗ್ಗೆ ಮಾತ್ರ ಮಾತಾಡಬೇಕು, ಎದುರು ಪಕ್ಷದ ಹೆಸರು ಎತ್ತಬಾರದು. ಇಷ್ಟು ನಿಯಮ ಸಾಕು.

ಇನ್ನೊಂದು ಮಾತು, ಇದು ತಾಯಂದಿರದ್ದು. 2016ರ ಚುನಾವಣೆಯ ಹೊತ್ತಿಗೆ ಶಾನ್ ಸ್ಮಿತ್ ಅವರ ತಾಯಿ ರಿಪಬ್ಲಿಕನ್ ಸಮಾವೇಶದ ವೇದಿಕೆ ಹತ್ತಿ, ಮಗನ ಸಾವಿಗೆ ಹಿಲರಿಯೇ ಕಾರಣ ಅಂದರು. ಅದೇ ತಿಂಗಳು ಸ್ಟೀವನ್ಸ್ ಅವರ ತಾಯಿ ಪತ್ರಿಕೆಗೆ ಬರೆದು, ನನ್ನ ಮಗನ ಹೆಸರನ್ನು ಪ್ರಚಾರಕ್ಕೆ ಬಳಸಬೇಡಿ ಅಂತ ಕೇಳಿಕೊಂಡರು. ಒಂದೇ ರಾತ್ರಿ ಮಕ್ಕಳನ್ನು ಕಳೆದುಕೊಂಡ ಇಬ್ಬರು ತಾಯಂದಿರು. ನನಗೆ ಇಬ್ಬರ ಮೇಲೂ ಒಂದೇ ಕರುಳು. ಇವರಲ್ಲಿ ಒಬ್ಬರ ಮಾತು ಹಿಡಿದು ಇನ್ನೊಬ್ಬರನ್ನು ಹೊಡೆಯಲು ಹೊರಟರೆ ಅದು ಪಾಪ ಅಂತ ನಿಮ್ಮ ಮನೆಯ ಗಂಡಸರಿಗೆ ಹೇಳಿ. ನೀವೇ ಹೇಳಿ, ಅತ್ತಿಗೆಯ ಮಾತನ್ನು ಮೈದುನರು ತೆಗೆದುಹಾಕುವುದಿಲ್ಲ.

ಮೊದಲು ಅಣ್ಣನ ಕೈಯಲ್ಲೇ ಫೋನ್ ಮಾಡಿಸಿ. ಬೆಂಗಾಜಿ ಮಾತು ಬೇಡ, "ಆ ದಿನ ಊಟ ಬಿಟ್ಟು ಹೋದೆಯಲ್ಲೋ" ಅಂದರೆ ಸಾಕು.

ಡಲ್ಲಾಸ್‌ನಿಂದ ಒಬ್ಬ ವಿದ್ಯಾರ್ಥಿನಿ

ಆಂಟಿ, ನಾನೂ ಶಾಲೆಯಲ್ಲಿ ಇಂಥದ್ದೇ ಪ್ರಬಂಧ ಬರೆದವಳು. ಅಪ್ಪ ಒಂದು ಕಡೆ, ದೊಡ್ಡಪ್ಪ ಒಂದು ಕಡೆ ಎಳೀತಾ ಇದ್ದರು. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಒಂದೇ ಐದು ಪ್ರಶ್ನೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಕೊನೆಯ ಪ್ರಶ್ನೆ: "ಬೆಂಗಾಜಿಯ ಆ ಕಚೇರಿಯಲ್ಲಿ ಕೆಲಸಕ್ಕಿದ್ದವಳು ನಾನೇ ಆಗಿದ್ದರೆ, ಯಾರನ್ನು ಏನು ಕೇಳುತ್ತಿದ್ದಿರಿ?"

ಮೊದಲ ನಾಲ್ಕು ಪ್ರಶ್ನೆಗೆ ಇಬ್ಬರ ಉತ್ತರವೂ ಟಿವಿಯಲ್ಲಿ ಕೇಳಿದ ಹಾಗೇ ಇತ್ತು. ಐದನೆಯದಕ್ಕೆ ಅಪ್ಪ ಸುಮಾರು ಹೊತ್ತು ಸುಮ್ನೆ ಕೂತರು. ಆಮೇಲೆ, "ಕಾವಲಿಗೆ ಜನ ಕೇಳಿದಾಗ ಯಾಕೆ ಕೊಡಲಿಲ್ಲ ಅಂತ ಕೇಳ್ತಿದ್ದೆ" ಅಂದರು. ದೊಡ್ಡಪ್ಪನೂ ಹೆಚ್ಚು ಕಡಿಮೆ ಅದನ್ನೇ ಹೇಳಿದರು. ಎರಡೂ ರೆಕಾರ್ಡಿಂಗನ್ನು ಇಬ್ಬರಿಗೂ ಕಳಿಸಿದೆ. ಮುಂದಿನ ಭಾನುವಾರ ದೊಡ್ಡಪ್ಪ ಮನೆಗೆ ಬಂದರು, ಬರುವಾಗ ಒಂದು ಬಾಕ್ಸ್ ಮಾವಿನಹಣ್ಣು ತಂದಿದ್ದರು.