30 ಹಾಸಿಗೆ ವಾರ್ಡ್‌ಗೆ 15 ನರ್ಸ್ ಸಾಕೇ?

ಪ್ರಶ್ನೆ: ಜಯನಗರದ ಕಡೆ ಜನರಲ್ ವಾರ್ಡ್‌ಗೆ ಹೊಸದಾಗಿ ಇನ್‌ಚಾರ್ಜ್ ಸಿಸ್ಟರ್ ಆಗಿದ್ದೇನೆ. ಆರು ರೋಗಿಗೆ ಒಬ್ಬ ನರ್ಸ್ ಅಂತ ಹಿಡಿದು 15 ಜನ ಕೊಟ್ಟಿದ್ದಾರೆ. ರೋಸ್ಟರ್ (ಪಾಳಿ ಪಟ್ಟಿ) ಕೂರುತ್ತಿಲ್ಲ.

ಉತ್ತರ 1: ಕೂರೋದಿಲ್ಲ ಮೇಡಂ. ಪಾಳಿಗೆ 5, ಮೂರು ಪಾಳಿಗೆ 15; ಇದರಲ್ಲಿ ವಾರದ ರಜೆಯೇ ಸೇರಿಲ್ಲ. ವಾರ್ಡ್ ನಡೆಯೋದು ವಾರಕ್ಕೆ ಏಳು ದಿನ, ಒಬ್ಬರು ಬರೋದು ಆರು ದಿನ; ಅದಕ್ಕೇ 15ನ್ನು 7ರಿಂದ ಗುಣಿಸಿ 6ರಿಂದ ಭಾಗಿಸಿದರೆ 17.5, ಅಂದರೆ 18. ಕಾಯಿಲೆ, ಹೆರಿಗೆ ರಜೆಗೆ ಇನ್ನೂ ಮೂವರಾದರೂ ಬೇಕು. ಲೆಕ್ಕ ಬರೆದು ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಕೊಡಿ. ಬಾಯಿಮಾತಿಗೆ ಹುದ್ದೆ ಸಿಗಲ್ಲ.

ಉತ್ತರ 2: ರಾತ್ರಿಪಾಳಿ ಸಮನಾಗಿ ಹಂಚಿ, ರೋಸ್ಟರ್ ಮುಂಚೆಯೇ ಹಾಕಿ. ಅಂಥ ವಾರ್ಡ್ ಬಿಟ್ಟುಹೋಗೋಕೆ ಹುಡುಗಿಯರಿಗೇ ಮನಸ್ಸಾಗಲ್ಲ, ಈ ಕೆಲಸದ ದೊಡ್ಡ ಸಂತೋಷ ಅದು. ಪಾಳಿ ಬದಲಾಗುವಾಗ ಅರ್ಧ ಗಂಟೆ ಎರಡೂ ತಂಡ ಇರಲಿ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬಂದವರು ಅವಸರದಲ್ಲಿ ಹ್ಯಾಂಡೋವರ್ (ಹಿಂದಿನ ಪಾಳಿಯವರಿಂದ ರೋಗಿಗಳ ವಿವರ) ತಗೊಂಡರೆ ಇನ್ಸುಲಿನ್ ತಪ್ಪುತ್ತೆ, ಇಲ್ಲವೇ ಎರಡು ಸಲ ಹೋಗುತ್ತೆ. ಹಾಸಿಗೆ ಪಕ್ಕದಲ್ಲೇ ಚಾರ್ಟ್ ನೋಡಿ ಒಪ್ಪಿಸಿಕೊಳ್ಳಲಿ.