ಓದುಗರ ಸ್ಪಂದನ: ನೀರಿನ ಪೈಪಿನಿಂದ ಗ್ಯಾಸ್ ಪೈಪಿಗೆ

ಮೈಸೂರಿನ ಹೆಬ್ಬಾಳದ ಓದುಗರೊಬ್ಬರು ಹಿಂದಿನ ಸಂಚಿಕೆಯಲ್ಲಿ ತಮ್ಮ ಸಮಸ್ಯೆ ಹೇಳಿಕೊಂಡಿದ್ದರು. ವಯಸ್ಸು 37. ಓದಿದ್ದು ಎಸ್ಸೆಸ್ಸೆಲ್ಸಿ. ಹದಿನಾರು ವರ್ಷದಿಂದ ಸ್ವಂತವಾಗಿ ಪ್ಲಂಬಿಂಗ್ ಮಾಡುತ್ತಿದ್ದಾರೆ. ಬಡಾವಣೆಯ ರಸ್ತೆಯಲ್ಲಿ ಗ್ಯಾಸ್ ಪೈಪ್ ಹೂಳುವುದನ್ನು ನೋಡಿ ಆ ಕೆಲಸ ಕಲಿಯುವ ಆಸೆ ಹುಟ್ಟಿದೆ. ‘ಗ್ಯಾಸ್ ಕೆಲಸಕ್ಕೆ ನಾನು ಹೊಸಬ. ಎಲ್ಲಿ ಕಲಿಯಲಿ? ಇರುವ ಕೆಲಸ ಬಿಟ್ಟರೆ ಮನೆ ನಡೆಯುತ್ತಾ? ಈ ವಯಸ್ಸಿನಲ್ಲಿ ಯಾರಾದರೂ ಸೇರಿಸಿಕೊಳ್ಳುತ್ತಾರಾ?’ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ನಿಮ್ಮ ಪತ್ರ ಓದಿ ಖುಷಿಯಾಯಿತು. ನಮ್ಮ ಸೈಟಿಗೆ ಬರುವ ಎಷ್ಟೋ ಹುಡುಗರಿಗೆ ಜಿಐ ಪೈಪಿಗೆ (ಸತು ಲೇಪಿಸಿದ ಕಬ್ಬಿಣದ ಪೈಪಿಗೆ) ನೆಟ್ಟಗೆ ಥ್ರೆಡ್ ಹಾಕುವುದಕ್ಕೂ ಬರುವುದಿಲ್ಲ. ನಿಮಗೆ ಅದು ಬರುತ್ತದೆ. ಅಳತೆ ಹಿಡಿಯುವುದು, ಗೋಡೆ ಕೊರೆಯುವುದು, ಕ್ಲ್ಯಾಂಪ್ ಕೂರಿಸುವುದು ಎಲ್ಲ ಬರುತ್ತದೆ. ಹಾಗಾಗಿ ವಯಸ್ಸಿನ ಚಿಂತೆ ಬಿಡಿ.

ಗ್ಯಾಸ್ ಲೈನಿನಲ್ಲಿ ಎರಡು ಬಗೆಯ ಕೆಲಸ ಇದೆ. ರಸ್ತೆ ಕೆಳಗೆ ಹೋಗುವುದು ಪಾಲಿಥಿನ್ ಪೈಪ್. ಅದನ್ನು ಎಲೆಕ್ಟ್ರೋಫ್ಯೂಷನ್ ಮಾಡಿ ಸೇರಿಸುತ್ತಾರೆ. ಪೈಪಿಗೆ ಪೈಪ್ ಜೋಡಿಸುವ ಕಪ್ಲರ್ ಒಳಗಿನ ತಂತಿಗೆ ಮಿಷನ್ನಿನಿಂದ ಕರೆಂಟ್ ಕೊಟ್ಟು ಪೈಪ್, ಕಪ್ಲರ್ ಎರಡನ್ನೂ ಕರಗಿಸಿ ಒಂದು ಮಾಡುವುದು. ಪೈಪಿನ ತುದಿ ಹೆರೆಯಬೇಕು, ಧೂಳು ಬೀಳಬಾರದು, ತಣ್ಣಗಾಗುವವರೆಗೆ ಅಲ್ಲಾಡಿಸಬಾರದು. ಇದಕ್ಕೆ ಬೇರೆಯೇ ತರಬೇತಿ ಬೇಕು. ಇನ್ನೊಂದು ಬಗೆ ಕಟ್ಟಡದ ಕೆಲಸ. ಗೋಡೆ ಹತ್ತುವ ಜಿಐ ರೈಸರ್, ರೆಗ್ಯುಲೇಟರ್, ಮೀಟರ್, ಅಲ್ಲಿಂದ ಅಡುಗೆಮನೆಯ ವಾಲ್ವಿನವರೆಗೆ. ಪ್ಲಂಬರ್ ಕೈಗೆ ಹತ್ತಿರದ್ದು ಇದು. ಇಲ್ಲಿಂದ ಶುರು ಮಾಡಿ.

ಆದರೆ ಕೆಲವು ಅಭ್ಯಾಸ ಬಿಡಬೇಕಾಗುತ್ತದೆ. ಸೆಣಬಿನ ನಾರು ಸುತ್ತಿ ಪೇಂಟ್ ಬಳಿದು ಬಿಗಿಯುವುದು ಇಲ್ಲಿ ನಡೆಯುವುದಿಲ್ಲ. ಗ್ಯಾಸಿಗೆ ಅಂತಲೇ ಇರುವ ಸೀಲಂಟ್ ಬೇಕು. ಟೆಸ್ಟಿಂಗ್ ಕೂಡ ಬೇರೆ. ಗಾಳಿ ತುಂಬಿ, ಗೇಜ್ ಹಾಕಿ, ಹೇಳಿದಷ್ಟು ಹೊತ್ತು ಮುಳ್ಳು ಇಳಿಯದೆ ನಿಂತರೆ ಮಾತ್ರ ಪಾಸ್. ಆಮೇಲೆ ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ನೋಡಬೇಕು.

ನಿಮಗೆ ಅರ್ಥವಾಗುವ ಲೆಕ್ಕದಲ್ಲೇ ಹೇಳುತ್ತೇನೆ. ಹತ್ತು ಮೀಟರ್ ಎತ್ತರದ ಟ್ಯಾಂಕಿನಿಂದ ನಲ್ಲಿಗೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ರಸ್ತೆ ಕೆಳಗಿನ ಪಾಲಿಥಿನ್ ಲೈನಿನಲ್ಲಿ ಸಾಮಾನ್ಯವಾಗಿ 4 ಬಾರ್ ವರೆಗೆ ಇರುತ್ತದೆ. ಅದನ್ನು ಹಂತಹಂತವಾಗಿ ಇಳಿಸಿ ಒಲೆಗೆ ಕೊಡುವುದು 21 ಮಿಲಿಬಾರ್. ಅಂದರೆ ಬರೀ ಒಂದು ಗೇಣು ನೀರಿನ ಒತ್ತಡ. ಇಷ್ಟೇನಾ ಅಂತ ಸಸಾರ ಮಾಡಬೇಡಿ. ನೀರು ಸೋರಿದರೆ ಗೋಡೆ ಒದ್ದೆಯಾಗಿ ತಿಳಿಯುತ್ತದೆ. ಗ್ಯಾಸ್ ಕಣ್ಣಿಗೆ ಕಾಣುವುದಿಲ್ಲ. ಮೂಗಿಗಾದರೂ ಗೊತ್ತಾಗಲಿ ಅಂತ ಮರ್ಕ್ಯಾಪ್ಟಾನ್ ಎಂಬ ಗಬ್ಬು ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ಗಾಳಿಯಲ್ಲಿ ಶೇ 5ರಿಂದ 15ರಷ್ಟು ಸೇರಿತೆಂದರೆ ಸ್ವಿಚ್ಚಿನ ಕಿಡಿ ಸಾಕು.

ಇನ್ನೊಂದು ವಿಷಯ. ಪೈಪಿನಲ್ಲಿ ಬರುವ ಗ್ಯಾಸಿನಲ್ಲಿ ಮುಖ್ಯವಾಗಿ ಇರುವುದು ಮೀಥೇನ್. ಗಾಳಿಗಿಂತ ಹಗುರ, ಸೋರಿದರೆ ಸೂರಿಗೆ ಏರುತ್ತದೆ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ಮೂಲೆ ಸೇರುತ್ತದೆ. ಒಂದಕ್ಕೆ ಕಿಂಡಿ ಮೇಲೆ ಬೇಕು, ಇನ್ನೊಂದಕ್ಕೆ ಕೆಳಗೆ. ಒಲೆಯ ನಾಝಲ್ ಕೂಡ ಎರಡಕ್ಕೂ ಒಂದೇ ಅಲ್ಲ, ಪೈಪ್ ಗ್ಯಾಸಿಗೆ ದೊಡ್ಡ ತೂತಿನದು ಬೇಕು. ಇಂಥದ್ದನ್ನೆಲ್ಲ ಸೈಟಿನಲ್ಲಿ ಯಾರೂ ಕೂರಿಸಿ ಹೇಳುವುದಿಲ್ಲ. ಕೇಳಿ ಕೇಳಿ ತಿಳಿದುಕೊಳ್ಳಬೇಕು.

ಮೈಸೂರು, ಮಂಡ್ಯ, ಚಾಮರಾಜನಗರ ಮೂರೂ ಜಿಲ್ಲೆ ಒಂದೇ ಗ್ಯಾಸ್ ವಲಯಕ್ಕೆ ಸೇರಿವೆ. ವಲಯದ ಪರವಾನಗಿ ಇರುವ ಕಂಪನಿ ಮನೆಮನೆ ಫಿಟ್ಟಿಂಗ್ ಕೆಲಸವನ್ನು ಕಂಟ್ರಾಕ್ಟರ್‌ಗಳಿಗೆ ಕೊಡುತ್ತದೆ. ನೀವು ಹೋಗಬೇಕಾದ್ದು ಅವರ ಹತ್ತಿರ. ಅಲ್ಲಿಯವರೆಗೆ ಒಂದು ಮಾತು ನಡೆಸಿಕೊಡಿ. ಸಿಂಕ್ ರಿಪೇರಿಗೆ ಹೋದಾಗ ಮನೆಯವರು ‘ಈ ಗ್ಯಾಸ್ ಪೈಪ್ ಸ್ವಲ್ಪ ಪಕ್ಕಕ್ಕೆ ಸರಿಸಿಕೊಡಿ’ ಅಂತಾರೆ. ಆಗೋದಿಲ್ಲ ಅನ್ನಿ. ಕಂಪನಿಗೆ ಫೋನ್ ಮಾಡಲು ಹೇಳಿ. ಎಷ್ಟೇ ಹಳೆ ಗಿರಾಕಿ ಆದರೂ ಸರಿ.

– ಗ್ಯಾಸ್ ಲೈನ್ ಸೂಪರ್‌ವೈಸರ್, ವಿಜಯನಗರ, ಮೈಸೂರು

*

ಅಣ್ಣಾ, ನಮ್ಮ ಯಜಮಾನರೂ ಪ್ಲಂಬರ್. ಮನೆಯ ಲೆಕ್ಕ ಬರೆಯುವವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಕಲಿಯಿರಿ, ಆದರೆ ಇರುವ ಗಿರಾಕಿಗಳನ್ನು ಬಿಡಬೇಡಿ. ಸ್ವಂತ ಕೆಲಸದಲ್ಲಿ ಸಂಜೆ ಕೈಗೆ ದುಡ್ಡು ಬರುತ್ತದೆ. ಕಂಟ್ರಾಕ್ಟ್ ಕೆಲಸದಲ್ಲಿ ಹಾಗಲ್ಲ. ಮೇಲಿನವರಿಗೆ ಬಿಲ್ ಪಾಸಾಗಬೇಕು, ಆಮೇಲೆ ಕೆಳಗಿನವರಿಗೆ. ನಮ್ಮ ಯಜಮಾನರು ಒಬ್ಬ ಕಂಟ್ರಾಕ್ಟರ್ ಕೈಕೆಳಗೆ ಅಪಾರ್ಟ್‌ಮೆಂಟ್ ಕೆಲಸ ಮಾಡಿದ್ದರು. ದುಡ್ಡು ಬಂತು, ಆದರೆ ಮಕ್ಕಳ ಸ್ಕೂಲ್ ಫೀಸ್ ಕಟ್ಟುವ ಹೊತ್ತಿಗೆ ಬರಲಿಲ್ಲ. ಆಗ ಮನೆ ನಡೆದದ್ದು ಗುತ್ತಲು ಕಡೆಯ ಹಳೆ ಮನೆಗಳ ನಲ್ಲಿ, ಮೋಟರ್ ರಿಪೇರಿಯಿಂದ.

ಸೇರುವ ಮೊದಲೇ ಕೇಳಿ. ಕೂಲಿ ದಿನಕ್ಕೋ, ಕನೆಕ್ಷನ್ನಿಗೋ? ಎಷ್ಟು ದಿನಕ್ಕೊಮ್ಮೆ ಕೊಡುತ್ತಾರೆ? ಇನ್ಶೂರೆನ್ಸ್ ಇದೆಯಾ? ಎತ್ತರದಲ್ಲಿ ರೈಸರ್ ಕಟ್ಟುವಾಗ ಬೆಲ್ಟ್, ಹೆಲ್ಮೆಟ್ ಅವರೇ ಕೊಡುತ್ತಾರಾ? ಕೇಳುವುದರಲ್ಲಿ ನಾಚಿಕೆ ಏನಿಲ್ಲ. ಅತ್ತಿಗೆಯನ್ನೂ ಕೂರಿಸಿಕೊಂಡು ಲೆಕ್ಕ ಹಾಕಿ. ಮೂರು ತಿಂಗಳ ಖರ್ಚು ಪಕ್ಕಕ್ಕೆ ಇಡದೆ ಪೂರ್ತಿ ಕಂಟ್ರಾಕ್ಟ್ ಕೆಲಸಕ್ಕೆ ಇಳಿಯಬೇಡಿ. ಸಾಮಾನು ಕೊಳ್ಳಲು ಬಡ್ಡಿ ಸಾಲ ಬೇಡ. ಬ್ಯಾಂಕಿನಲ್ಲಿ ಮುದ್ರಾ ಯೋಜನೆಯ ಶಿಶು ಸಾಲ 50 ಸಾವಿರದವರೆಗೆ ಇದೆ, ವಿಚಾರಿಸಿ.

– ಓದುಗರು, ಮಂಡ್ಯ

*

ನಾನು ಐಟಿಐನಲ್ಲಿ ಪಾಠ ಹೇಳಿ ನಿವೃತ್ತನಾದವನು. ಸರ್ಟಿಫಿಕೇಟಿನ ಬಗ್ಗೆ ಮಾತ್ರ ಹೇಳುತ್ತೇನೆ.

ಈಗ ಐಟಿಐ ಸೇರುವುದು ಬೇಡ. ಪ್ಲಂಬರ್ ಕೋರ್ಸ್ ಒಂದು ವರ್ಷ, ಫಿಟ್ಟರ್ ಎರಡು ವರ್ಷ. ಸಂಸಾರ ಇರುವವರಿಗೆ ಅಷ್ಟು ದಿನ ದುಡಿಮೆ ಬಿಟ್ಟು ಕೂರಲು ಆಗುವುದಿಲ್ಲ. ತೈಲ ಮತ್ತು ಅನಿಲ ವಲಯಕ್ಕೆ ಹೈಡ್ರೋಕಾರ್ಬನ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಇದೆ. ಅದರ ಪಟ್ಟಿಯಲ್ಲಿ ನಗರ ಗ್ಯಾಸ್ ವಿತರಣೆಯ ಪೈಪ್ ಫಿಟ್ಟರ್ ಎಂಬ ಕೆಲಸವೇ ಉಂಟು. ಅದನ್ನು ಗುರಿ ಮಾಡಿಕೊಳ್ಳಿ. ಇದರ ಜೊತೆ ಕೆಲಸ ಮಾಡುತ್ತಲೇ ಕಲಿತವರ ಕೌಶಲವನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ವ್ಯವಸ್ಥೆಯೂ ಇದೆ. ಮೊದಲು ನಿಮ್ಮ ಪ್ಲಂಬಿಂಗ್ ಅನುಭವಕ್ಕೆ ಅದನ್ನು ಪಡೆಯಿರಿ. ಹದಿನಾರು ವರ್ಷದ ದುಡಿಮೆಗೆ ಒಂದು ಕಾಗದವೂ ಇಲ್ಲದಿರುವುದು ನನಗೆ ಬೇಸರದ ಸಂಗತಿ. ನಿಮ್ಮಂಥವರು ನಮ್ಮೂರಲ್ಲಿ ಬಹಳ ಜನ ಇದ್ದಾರೆ. ಸ್ಕಿಲ್ ಇಂಡಿಯಾ ಡಿಜಿಟಲ್ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿ. ಹತ್ತಿರದ ಸರ್ಕಾರಿ ಐಟಿಐಗೂ ಒಮ್ಮೆ ಹೋಗಿ ಕೇಳಿ.

ಪಿಎಂ ವಿಶ್ವಕರ್ಮ ಯೋಜನೆಗೆ ಅರ್ಜಿ ಹಾಕಿಸಿಕೊಡುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. 2023ರಲ್ಲಿ ಶುರುವಾದಾಗ ಅದರಲ್ಲಿ ಇದ್ದ 18 ಕಸುಬುಗಳಲ್ಲಿ ಗಾರೆ ಕೆಲಸ ಇದೆ, ಪ್ಲಂಬಿಂಗ್ ಇಲ್ಲ. ವಾರದಲ್ಲಿ ಗ್ಯಾಸ್ ಎಂಜಿನಿಯರ್ ಮಾಡುತ್ತೇವೆ ಅನ್ನುವವರನ್ನೂ ನಂಬಬೇಡಿ. ಎಂಜಿನಿಯರ್ ಕೆಲಸಕ್ಕೆ ಡಿಪ್ಲೊಮಾನೋ ಡಿಗ್ರಿಯೋ ಕೇಳುತ್ತಾರೆ. ನಿಮ್ಮ ದಾರಿ ಫಿಟ್ಟರ್, ಆಮೇಲೆ ಟೆಕ್ನಿಷಿಯನ್, ಆಮೇಲೆ ಸೂಪರ್‌ವೈಸರ್. ಒಳ್ಳೆಯ ದಾರಿಯೇ ಅದು.

– ನಿವೃತ್ತ ಬೋಧಕ, ವಿದ್ಯಾರಣ್ಯಪುರಂ, ಮೈಸೂರು

*

ಮಗ ಇಂಗ್ಲೆಂಡಿನಲ್ಲಿದ್ದಾನೆ. ಅವನ ಮನೆಗೆ ಹೋಗಿದ್ದಾಗ ಬಾಯ್ಲರ್ ನೋಡಲು ಒಬ್ಬರು ಬಂದಿದ್ದರು. ಅವರೂ ಮೊದಲು ಪ್ಲಂಬರ್, ಆಮೇಲೆ ಗ್ಯಾಸ್ ಕಲಿತವರು. ಅಲ್ಲಿ ಗ್ಯಾಸ್ ಸೇಫ್ ರಿಜಿಸ್ಟರ್ ಅಂತ ಇದೆ. 2009ರಿಂದ ನಡೆಯುತ್ತಿದೆ. ಅದರಲ್ಲಿ ಹೆಸರಿಲ್ಲದವರು ದುಡ್ಡು ತೆಗೆದುಕೊಂಡು ಮನೆಯ ಗ್ಯಾಸ್ ಕೆಲಸ ಮಾಡಿದರೆ ಅಪರಾಧ. ಫೋಟೊ ಇರುವ ಕಾರ್ಡ್ ಕೊಡುತ್ತಾರೆ. ಹಿಂಬದಿಯಲ್ಲಿ ಅವರು ಯಾವ ಯಾವ ಕೆಲಸ ಮಾಡಬಹುದು ಅಂತ ಬರೆದಿರುತ್ತದೆ. ಒಲೆಯ ಕೆಲಸ ಬರುವವರು ಬಾಯ್ಲರ್ ಮುಟ್ಟುವ ಹಾಗಿಲ್ಲ. ಐದು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ಹೊಸಬರು ರಿಜಿಸ್ಟರ್ ಆದ ಒಬ್ಬರ ಜೊತೆ ಓಡಾಡಿ, ಮಾಡಿದ ಕೆಲಸವನ್ನೆಲ್ಲ ದಾಖಲೆ ಮಾಡಿಡಬೇಕಂತೆ.

ನೀವೂ ಇವತ್ತಿನಿಂದಲೇ ಒಂದು ನೋಟ್‌ಬುಕ್ ಇಡಿ. ಯಾವ ಕೆಲಸ, ಯಾರ ಕೈಕೆಳಗೆ, ಏನು ಟೆಸ್ಟ್ ಮಾಡಿದಿರಿ, ಫೋಟೊ ಸಮೇತ. ನಾಳೆ ಕೆಲಸ ಕೇಳಲು ಹೋದಾಗ ಅದನ್ನೇ ತೋರಿಸಬಹುದು.

– ಹಿರಿಯ ಓದುಗರು, ಸರಸ್ವತಿಪುರಂ, ಮೈಸೂರು

*

ತಮ್ಮಾ, ನೀವು ಗ್ಯಾಸ್ ಕೆಲಸಕ್ಕೆ ಹೊಸಬರು ಅಂತ ಬರೆದಿದ್ದೀರಿ. ನನಗೆ ಹಾಗನ್ನಿಸಲಿಲ್ಲ. ನಮ್ಮ ಬೀದಿಯಲ್ಲಿ ಗ್ಯಾಸ್ ಗೀಸರ್ ಕೂರಿಸುವವರು ಯಾರು? ಪ್ಲಂಬರ್‌ಗಳೇ ಅಲ್ವಾ? ನೀರಿನ ಕನೆಕ್ಷನ್ ಕೊಡುವಾಗ ಸಿಲಿಂಡರ್ ಪೈಪನ್ನೂ ಅವರೇ ಸಿಕ್ಕಿಸಿ ಹೋಗುತ್ತಾರೆ. ನಿಮಗೂ ಆ ಕೆಲಸ ಬಂದಿರಲೇಬೇಕು.

ಗೀಸರನ್ನು ಬಚ್ಚಲುಮನೆ ಒಳಗೆ ಹಾಕಿಸಿಕೊಂಡು, ಚಳಿ ಅಂತ ಕಿಟಕಿ ಮುಚ್ಚಿ, ಸ್ನಾನಕ್ಕೆ ಹೋದವರು ಅಲ್ಲೇ ಬಿದ್ದ ಸುದ್ದಿ ಎಷ್ಟು ಸಲ ಓದಿಲ್ಲ? ಅದು ಬರೀ ಗ್ಯಾಸ್ ಸೋರಿ ಆಗುವುದಲ್ಲ. ಸಣ್ಣ ಕೋಣೆಯಲ್ಲಿ ಉರಿ ಹತ್ತಿದರೆ ಗಾಳಿಯಲ್ಲಿನ ಆಮ್ಲಜನಕ ಕಮ್ಮಿಯಾಗುತ್ತದೆ. ಆಗ ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತುತ್ತಿದೆ ಅಂತ ಗೊತ್ತಾಗುವಷ್ಟರಲ್ಲಿ ಬಾಗಿಲ ಚಿಲಕ ತೆಗೆಯಲೂ ಕೈಲಾಗುವುದಿಲ್ಲ. ಹೋದವರಲ್ಲಿ ಮಕ್ಕಳೂ ಇರುತ್ತಾರೆ. ಓದುವಾಗ ಹೊಟ್ಟೆ ಉರಿಯುತ್ತದೆ.

ನೀವು ಯಾವ ಕೋರ್ಸಾದರೂ ಮಾಡಿ, ಮೊದಲು ಇದನ್ನು ಕಲಿಯಿರಿ. ಗೀಸರ್ ಹೊರಗೆ, ಗಾಳಿ ಆಡುವ ಕಡೆ ಇರಬೇಕು. ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಬೇಕು. ಉರಿ ನೀಲಿ ಇರಬೇಕು, ಹಳದಿಯಾದರೆ ನಿಲ್ಲಿಸಿ ಸರ್ವಿಸ್ ಮಾಡಿಸಬೇಕು. ಮನೆಯವರು ಪೈಪ್ ಖರ್ಚು ಉಳಿಸಲು ‘ಒಳಗೇ ಹಾಕಿ’ ಅಂದರೆ, ಹಾಕುವುದಿಲ್ಲ ಅಂತ ಎದ್ದು ಬನ್ನಿ. ಸಿಲಿಂಡರ್ ಗ್ಯಾಸ್ ಸೋರಿದರೆ 1906ಕ್ಕೆ ಫೋನ್ ಮಾಡಬೇಕು ಅಂತ ಪ್ರತಿ ಮನೆಯಲ್ಲೂ ಹೇಳಿ. ಆ ನಂಬರ್ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

– ಗೃಹಿಣಿ, ರಾಮಕೃಷ್ಣನಗರ, ಮೈಸೂರು

*

ಎಲ್ಲರೂ ಮನೆ ಪೈಪಿನ ಬಗ್ಗೆಯೇ ಯೋಚಿಸುತ್ತಾರೆ. ಹೋಟೆಲ್, ಬೇಕರಿ, ಕಲ್ಯಾಣ ಮಂಟಪಗಳನ್ನೂ ನೋಡಿ. ನಾವು 19 ಕೆಜಿ ಸಿಲಿಂಡರ್‌ಗಳನ್ನು ಹೊರಗೆ ಸಾಲಾಗಿ ಇಟ್ಟು ಪೈಪಿನಲ್ಲಿ ಒಲೆಗೆ ತರುತ್ತೇವೆ. ಅದಕ್ಕೆ ಐಎಸ್ 6044 ಅಂತ ನಿಯಮಾವಳಿ ಇದೆ. ಸಿಲಿಂಡರ್ ಎಲ್ಲಿಡಬೇಕು, ಪೈಪ್ ಯಾವುದು, ಟೆಸ್ಟ್ ಹೇಗೆ ಅಂತ ಎಲ್ಲ ಅದರಲ್ಲಿದೆ. ಹೊಸದಾಗಿ ಲೈನ್ ಹಾಕಿಕೊಡುವವರು ಸಿಗುತ್ತಾರೆ. ಆಮೇಲೆ ವರ್ಷಕ್ಕೊಮ್ಮೆ ಬಂದು ವಾಲ್ವ್, ಹೋಸ್ ನೋಡಿ ಬರೆದುಕೊಡುವವರು ಸಿಗುವುದಿಲ್ಲ. ಬೆಂಗಳೂರಿನಿಂದ ಕರೆಸಿದರೆ ಬಂದು ಹೋಗುವ ಖರ್ಚೇ ಜಾಸ್ತಿ.

ಕಲಿತು, ಸರ್ಟಿಫಿಕೇಟ್ ತೆಗೆದುಕೊಂಡು, ಒಬ್ಬ ಅನುಭವಿಯ ಜೊತೆ ಬನ್ನಿ. ಹೆದ್ದಾರಿ ಪಕ್ಕ ಮದ್ದೂರಿನಿಂದ ಶ್ರೀರಂಗಪಟ್ಟಣದವರೆಗೆ ಎಷ್ಟು ಹೋಟೆಲ್ ಇವೆ ನೋಡಿ. ಬೆಳಗಿನ ತಿಂಡಿ ಗಲಾಟೆ ಮುಗಿದ ಮೇಲೆ, ಮಧ್ಯಾಹ್ನದ ಊಟಕ್ಕೆ ಮುಂಚೆ ಬಂದರೆ ಮಾಲೀಕರು ಮಾತಿಗೆ ಸಿಗುತ್ತಾರೆ.

– ಹೋಟೆಲ್ ನಡೆಸುವವರು, ಮಂಡ್ಯ